ಹೆಸರು ಬದಲಿಸಿದ ಮಾತ್ರಕ್ಕೆ

ಪ್ರಿಯ ಲೇಖಕರೇ,

‘ಪತ್ರಿಕಾ ಸ್ವಾತಂತ್ರ್ಯ ಮತ್ತು ಖಾಸಗಿತನ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಸ್ವಚ್ಛವಾಗಿದೆ, ಊರೂರು ಓಡಾಡಿ ಬರೆದಿದ್ದೀರಿ ಎಂಬುದೂ ಕಾಣುತ್ತದೆ. ಆದರೂ ಈ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಅದಕ್ಕೆ ಕಾರಣ ನಿಮ್ಮ ಎರಡನೆಯ ಪುಟ.

ಅತ್ಯಾಚಾರಕ್ಕೆ ಒಳಗಾದ ಯುವತಿಯೊಬ್ಬಳ ಪ್ರಸಂಗ ಅಲ್ಲಿದೆ. ‘ಹೆಸರು ಬದಲಿಸಲಾಗಿದೆ’ ಎಂದು ಆವರಣದಲ್ಲಿ ಬರೆದ ನೀವು ಮುಂದಿನ ವಾಕ್ಯದಲ್ಲೇ ಆಕೆಯನ್ನು ‘ಊರಿನ ಪೋಸ್ಟ್‌ಮ್ಯಾನ್‌ನ ಎರಡನೆಯ ಮಗಳು’ ಎಂದಿದ್ದೀರಿ. ಊರಿನ ಹೆಸರು ಮೇಲಿನ ಸಾಲಿನಲ್ಲೇ ಇದೆ. ಒಂದು ಹಳ್ಳಿಗೆ ಎಷ್ಟು ಜನ ಪೋಸ್ಟ್‌ಮ್ಯಾನ್ ಇರುತ್ತಾರೆ? ನಂತರ ಆಕೆ ಓದುವ ಕಾಲೇಜು, ಹತ್ತುವ ಬಸ್ಸು, ಕೊನೆಗೆ ಮನೆಯಂಗಳದ ಪಾರಿಜಾತ. ಆ ಪಾರಿಜಾತ ಓದಲು ಚೆಂದ, ಆದರೆ ಊರಿನವರಿಗೆ ಅದು ಮನೆಯ ವಿಳಾಸ. ಭಾರತೀಯ ದಂಡ ಸಂಹಿತೆಯ 228ಎ ಕಲಂ, ಈಗ ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಂ, ನಿಷೇಧಿಸುವುದು ಹೆಸರನ್ನು ಮಾತ್ರವಲ್ಲ, ಗುರುತು ಹತ್ತಿಸುವ ಯಾವುದೇ ವಿವರವನ್ನು. ದೂರದ ಸುಳಿವಿನಿಂದಲೂ ಗುರುತು ಬಯಲಾಗಬಾರದೆಂದು ಸುಪ್ರೀಂ ಕೋರ್ಟು 2018ರ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಆ ‘ಎರಡನೆಯ ಮಗಳು’ ವಾಕ್ಯ ನನ್ನನ್ನು ಇಷ್ಟು ಕೆಣಕಲು ಕಾರಣವಿದೆ. ಜಿಲ್ಲಾ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ, ಕ್ರಿಮಿನಾಶಕ ಕುಡಿದು ಆಸ್ಪತ್ರೆ ಸೇರಿದ್ದ ಹೆಂಗಸೊಬ್ಬರ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಬರೆದು, ಹೆಸರು ಬಿಟ್ಟು, ‘ಹಾಲಿನ ಡೈರಿ ಕಾರ್ಯದರ್ಶಿಯ ಪತ್ನಿ’ ಎಂದು ಹಾಕಿದ್ದೆ. ಮೂರನೆಯ ದಿನ ಅವರ ಗಂಡ ಪತ್ರಿಕೆಯನ್ನು ಮಡಚಿ ಹಿಡಿದುಕೊಂಡು ಕಚೇರಿಗೆ ಬಂದರು. ಜಗಳವಾಡಲಿಲ್ಲ. ‘ಹೆಸರನ್ನೇ ಹಾಕಿದ್ದರೂ ಇಷ್ಟೇ ಆಗುತ್ತಿತ್ತಲ್ಲ ಸ್ವಾಮಿ’ ಎಂದಷ್ಟೇ ಹೇಳಿ, ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನಮ್ಮ ಹಿರಿಯ ಉಪಸಂಪಾದಕರು ಅಂದಿನಿಂದ ನನ್ನ ಪ್ರತಿ ಸುದ್ದಿಯಲ್ಲೂ ಇಂಥ ಪದಗಳಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಊರಲ್ಲಿ ಎಷ್ಟು ಜನ?’ ಎಂದು ಬರೆಯುತ್ತಿದ್ದರು. ಹಸ್ತಪ್ರತಿ ಓದುವಾಗ ಈಗಲೂ ನನ್ನ ಕೈ ಅದನ್ನೇ ಬರೆಯುತ್ತದೆ. ನಿಮ್ಮ ಪುಟದ ಅಂಚಿನಲ್ಲಿ ನಾಲ್ಕು ಕಡೆ ಅದನ್ನು ಕಾಣುತ್ತೀರಿ.

ಇನ್ನೊಂದು ವಾಕ್ಯ: ‘ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನೆಲ್ಲ ಪ್ರಕಟಿಸಬಹುದೆಂದು 1994ರ ಆಟೋ ಶಂಕರ್ ತೀರ್ಪು ಹೇಳಿದೆ.’ ಇದು ಅರ್ಧ ಸತ್ಯ. ಆ ನಿಯಮವನ್ನು ಹೇಳಿದ ಬೆನ್ನಿಗೇ, ಲೈಂಗಿಕ ದೌರ್ಜನ್ಯ, ಅಪಹರಣಗಳಂಥ ಅಪರಾಧಕ್ಕೆ ಗುರಿಯಾದ ಹೆಣ್ಣಿನ ಹೆಸರನ್ನು ಪ್ರಚಾರ ಮಾಡಿ ಆಕೆಯನ್ನು ಮತ್ತೆ ಅವಮಾನಿಸಬಾರದೆಂಬ ವಿನಾಯಿತಿಯನ್ನು ಸುಪ್ರೀಂ ಕೋರ್ಟಿನ ಅದೇ ತೀರ್ಪು ಕೊಟ್ಟಿದೆ. ಅಲ್ಲದೆ, ಮರಣದಂಡನೆಗೆ ಗುರಿಯಾಗಿದ್ದ ಕೈದಿ ಆಟೋ ಶಂಕರನ ಆತ್ಮಕಥೆಯನ್ನು ತಮಿಳಿನ ನಕ್ಕೀರನ್ ಪತ್ರಿಕೆ ಪ್ರಕಟಿಸಲು ಹೊರಟಾಗ ಅಡ್ಡ ಬಂದವರು ಅಧಿಕಾರಿಗಳು. ತಮ್ಮ ಕರ್ತವ್ಯಕ್ಕೆ ಸಂಬಂಧಿಸಿದ ನಡವಳಿಕೆಯ ವಿಷಯದಲ್ಲಿ ಅವರು ಖಾಸಗಿತನದ ಹೆಸರಿನಲ್ಲಿ ಪತ್ರಿಕೆಯನ್ನು ತಡೆಯಲಾಗದು ಎಂಬುದು ಆ ತೀರ್ಪಿನ ಇನ್ನೊಂದು ಮಾತು.

ಈ ಬೆಳಕಿನಲ್ಲಿ ನಿಮ್ಮ ಮೂರನೆಯ ಪ್ಯಾರಾ ಓದಿ ನೋಡಿ. ಆರು ದಿನ ದೂರು ದಾಖಲಿಸಿಕೊಳ್ಳದೆ ಯುವತಿಯ ತಂದೆಯನ್ನು ಅಲೆದಾಡಿಸಿದವರು ನಿಮ್ಮ ಬರಹದಲ್ಲಿ ‘ಹಿರಿಯ ಅಧಿಕಾರಿಯೊಬ್ಬರು’, ಠಾಣೆ ‘ಸಂಬಂಧಪಟ್ಟ ಠಾಣೆ’. ಇಂಥ ದೂರು ದಾಖಲಿಸದ ಅಧಿಕಾರಿಯನ್ನೇ ಶಿಕ್ಷಿಸುವ ಕಲಂ 2013ರಿಂದ ನಮ್ಮ ಕಾನೂನಿನಲ್ಲಿದೆ. ಸಂಬಳ ಪಡೆದು ಮಾಡಬೇಕಾದ ಕೆಲಸ ಮಾಡದವರ ಗುರುತನ್ನು ನೀವು ಜೋಪಾನ ಮಾಡಿದ್ದೀರಿ, ಏನೂ ತಪ್ಪು ಮಾಡದ ಹುಡುಗಿಯ ಅಂಗಳದ ಗಿಡವನ್ನು ಕೂಡ ಬಿಟ್ಟಿಲ್ಲ. ಈ ಅದಲುಬದಲು ನನಗೆ ನೋವು ತಂದಿತು. ಎರಡನೆಯ ಸಲ ಓದಿದಾಗ ಸಿಟ್ಟೂ ಬಂತು.

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ. ಊರು, ಪೋಸ್ಟ್‌ಮ್ಯಾನ್, ಕಾಲೇಜು, ಬಸ್ಸು, ಪಾರಿಜಾತ ಇವಿಷ್ಟನ್ನೂ ತೆಗೆಯಿರಿ. ಠಾಣೆಯ ಹೆಸರು ಹಾಕಿ. ಅದರ ವ್ಯಾಪ್ತಿಯಲ್ಲಿ ಹತ್ತಾರು ಹಳ್ಳಿಗಳಿರುವುದರಿಂದ ಆಕೆಯ ಗುರುತು ಹತ್ತುವುದಿಲ್ಲ. ಆ ಅಧಿಕಾರಿಯನ್ನು ಕಂಡು, ಆ ಆರು ದಿನಗಳಲ್ಲಿ ಏನಾಯಿತೆಂದು ಕೇಳಿ, ಅವರ ಉತ್ತರವನ್ನು ಅವರ ಹೆಸರಿನೊಂದಿಗೆ ಬರೆದು ಕಳುಹಿಸಿ. ಅವರು ಉತ್ತರಿಸಲು ನಿರಾಕರಿಸಿದರೆ, ಎಂದು, ಎಷ್ಟು ಸಲ ಕೇಳಿದಿರಿ ಎಂಬುದನ್ನೂ ಬರೆಯಿರಿ.

ಇಂತು,
ಸಂಪಾದಕ