ಟೆಕ್ಸಾಸ್‌ನಲ್ಲಿ ಅಂಗಡಿ ನೋಡಿಕೊಳ್ಳುವ ಹೆಂಗಸಿಗೆ ಯಾವ ಸಣ್ಣ ಪಿಸ್ತೂಲ್ ಸರಿ?

ನೀವು ಬರೆದಿದ್ದು ಇಷ್ಟು. ಡಲ್ಲಾಸ್ ಹತ್ತಿರ ಗ್ಯಾಸ್ ಸ್ಟೇಷನ್ ಅಂಗಡಿ ಇದೆ. ರಾತ್ರಿ 11ಕ್ಕೆ ನೀವೇ ಬಾಗಿಲು ಹಾಕಬೇಕು. ಗ್ರೀನ್ ಕಾರ್ಡ್ ಬಂದಾಗಿದೆ. ಕೈ ಚಿಕ್ಕದು, ಇವತ್ತಿನವರೆಗೂ ಗನ್ ಮುಟ್ಟಿದವರಲ್ಲ. ಗನ್ ಅಂಗಡಿಯವನು ರೂಗರ್ ಎಲ್‌ಸಿಪಿ ಅನ್ನುವ ಪುಟಾಣಿ ಪಿಸ್ತೂಲ್ ತೋರಿಸಿ, "ಹೆಂಗಸರಿಗೆ ಇದೇ ಸರಿ, ವ್ಯಾನಿಟಿ ಬ್ಯಾಗಲ್ಲಿ ಹಿಡಿಯುತ್ತೆ" ಅಂದನಂತೆ. ತಗೊಳ್ಳಲಾ ಅಂತ ಕೇಳಿದ್ದೀರಿ.

ಬೇಡ. ಮೊದಲನೇ ಗನ್ ಆಗಿ ಅದು ಬೇಡ, ವ್ಯಾನಿಟಿ ಬ್ಯಾಗಂತೂ ಬೇಡವೇ ಬೇಡ.

ನಾನೂ ಟೆಕ್ಸಾಸ್‌ನವಳೇ, ಹ್ಯೂಸ್ಟನ್ ಕಡೆ. ದಿನಾ ಪಿಸ್ತೂಲ್ ಇಟ್ಟುಕೊಂಡೇ ಓಡಾಡುತ್ತೇನೆ. ಶೂಟಿಂಗ್ ರೇಂಜ್‌ನಲ್ಲಿ ಹೊಸದಾಗಿ ಕಲಿಯೋಕೆ ಬರುವ ಹೆಂಗಸರ ಪಕ್ಕದಲ್ಲಿ ನಿಂತು ಹೇಳಿಕೊಡುವುದೂ ಉಂಟು. ಎಲ್‌ಸಿಪಿ ಕೆಟ್ಟ ಗನ್ ಅಲ್ಲ. ತೂಕ ಸುಮಾರು 270 ಗ್ರಾಂ, ಜೇಬಲ್ಲಿ ಇದೆಯೋ ಇಲ್ಲವೋ ಗೊತ್ತಾಗಲ್ಲ. ತೊಂದರೆ ಇರೋದೂ ಅಲ್ಲೇ. ಅಡಗಿಸೋಕೆ ಸುಲಭವಾದದ್ದು ಹೊಡೆಯೋಕೆ ಕಷ್ಟ. ಗನ್ ಹಗುರವಾದಷ್ಟೂ ಒದೆತ ಜಾಸ್ತಿ. ಹಿಡಿ ಎಷ್ಟು ಗಿಡ್ಡ ಅಂದರೆ ಎರಡು ಬೆರಳು ಕೂರುತ್ತವೆ, ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ. ಒಂದು ಗುಂಡು ಹಾರಿಸಿದ ಮೇಲೆ ಗನ್ ಕೈಯೊಳಗೇ ಹೊರಳಿರುತ್ತದೆ, ಮತ್ತೆ ಸರಿಯಾಗಿ ಹಿಡಿದುಕೊಳ್ಳಬೇಕು. ಹೊಸಬರಾದರೆ ಒಂದು ಡಬ್ಬಿ ಗುಂಡು ಮುಗಿಯುವಷ್ಟರಲ್ಲಿ ಟ್ರಿಗರ್ ಒತ್ತೋಕೆ ಮುಂಚೆಯೇ ಕಣ್ಣು ಮುಚ್ಚುವ ಅಭ್ಯಾಸ ಹತ್ತಿರುತ್ತದೆ. ಗುಂಡೆಲ್ಲ ಗುರಿಯಿಂದ ಕೆಳಗೆ ಹೋಗಿ ಬೀಳುತ್ತವೆ. ಆ ಅಭ್ಯಾಸ ಬಿಡಿಸುವಷ್ಟರಲ್ಲಿ ಸಾಕುಸಾಕಾಗಿ ಹೋಗುತ್ತದೆ.

ಎಲ್‌ಸಿಪಿ ತರಹದ ಗನ್ ಈಗಾಗಲೇ ಚೆನ್ನಾಗಿ ಹೊಡೆಯಬಲ್ಲವರಿಗೆ. ದೊಡ್ಡದನ್ನು ಇಟ್ಟುಕೊಳ್ಳೋಕೆ ಆಗದ ದಿನ ಅವರು ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ನಿಮ್ಮದು ಆ ಪರಿಸ್ಥಿತಿ ಅಲ್ವಲ್ಲ.

ನಿಮಗೆ ಬೇಕಾದ್ದು ಒಂದು ಮೆಟ್ಟಿಲು ಮೇಲಿನದು. ಈ ಸೈಜಿನಲ್ಲಿ ದೊಡ್ಡ ಬದಲಾವಣೆ ತಂದದ್ದು 2018ರಲ್ಲಿ ಬಂದ ಸಿಗ್ ಪಿ365. ಅದಕ್ಕಿಂತ ಮೊದಲು ತೆಳ್ಳಗಿನ 9 ಎಂಎಂ (ಇದು ಗುಂಡಿನ ಅಳತೆ) ಪಿಸ್ತೂಲ್ ಅಂದರೆ ಗ್ಲಾಕ್ 43 ತರಹದವು, ಮ್ಯಾಗಜಿನ್‌ನಲ್ಲಿ (ಹಿಡಿಯೊಳಗೆ ಕೂರುವ ಗುಂಡಿನ ಪೆಟ್ಟಿಗೆ) ಆರೇಳೇ ಗುಂಡು. ಸಿಗ್‌ನವರು ಹೆಚ್ಚುಕಮ್ಮಿ ಅಷ್ಟೇ ಗಾತ್ರದಲ್ಲಿ ಹತ್ತು ಹಿಡಿಸಿದರು. ಮರುವರ್ಷ ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್ ಬಂತು, 2021ರಲ್ಲಿ ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಪ್ಲಸ್. ಮೂರೂ ಒಳ್ಳೆಯವೇ. ಪಿ365 ಖಾಲಿ ಇದ್ದಾಗ ಸುಮಾರು 500 ಗ್ರಾಂ. ಪೊಲೀಸರು ಇಟ್ಟುಕೊಳ್ಳುವ ಗ್ಲಾಕ್ 19 ಸುಮಾರು 670 ಗ್ರಾಂ. ನನ್ನದು ಪಿ365. ಅದರಲ್ಲಿ ಬೆರಳಲ್ಲಿ ಒತ್ತುವ ಸೇಫ್ಟಿ ಇರುವ ಮಾದರಿಯೂ ಸಿಗುತ್ತದೆ. ಹೊಸಬರಿಗೆ ಅದರಿಂದ ಧೈರ್ಯ ಬರುತ್ತದೆ ಅನ್ನುವುದಾದರೆ ಅದನ್ನೇ ತಗೊಳ್ಳಿ. ನನಗೆ ಬೇಕೆನಿಸಲಿಲ್ಲ.

ಆದರೆ ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಗನ್ ಖಾಲಿ ಇದೆ ಅಂತ ಅವರಿಂದ ತೋರಿಸಿಕೊಂಡು, ನೀವೇ ಸ್ಲೈಡ್ (ಗನ್ನಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂದಕ್ಕೆಳೆದು ನೋಡಿ. ಸಣ್ಣ ಪಿಸ್ತೂಲ್‌ಗಳ ಸ್ಪ್ರಿಂಗ್ ಬಿಗಿ. ತುಂಬಾ ಜನ ಹೆಂಗಸರು ಇಲ್ಲೇ "ನನ್ನ ಕೈಲಾಗಲ್ಲ" ಅಂತ ಕೈಚೆಲ್ಲುತ್ತಾರೆ. ಬಲ ಸಾಲದು ಅನ್ನುವುದಕ್ಕಿಂತ ಹಿಡಿಯುವ ರೀತಿ ತಪ್ಪಿರುತ್ತದೆ. ಕೈ ಚಾಚಿ, ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ಎಳೆದರೆ ಯಾರ ಕೈಲೂ ಆಗಲ್ಲ. ಗನ್ ಹೊಟ್ಟೆಯ ಹತ್ತಿರ ತನ್ನಿ, ಮೂತಿ ಜನರಿಲ್ಲದ ಕಡೆಗೇ ಇರಲಿ, ಟ್ರಿಗರ್‌ನಿಂದ ಬೆರಳು ಹೊರಗಿರಲಿ. ಎಡಗೈ ಅಂಗೈಯಿಂದ ಸ್ಲೈಡ್‌ನ ಹಿಂಭಾಗ ಮೇಲಿನಿಂದ ಗಟ್ಟಿಯಾಗಿ ಹಿಡಿಯಿರಿ. ಈಗ ಎಡಗೈ ಅಲ್ಲಾಡಿಸದೆ ಬಲಗೈಯಿಂದ ಗನ್ನನ್ನು ಮುಂದಕ್ಕೆ ತಳ್ಳಿ. ಮುಕ್ಕಾಲು ಪಾಲು ಜನಕ್ಕೆ ಅಲ್ಲೇ ಆಗಿಬಿಡುತ್ತದೆ.

ಹೀಗೆ ಮಾಡಿದರೂ ಆಗದಿದ್ದರೆ ಸ್ಮಿತ್ ಅಂಡ್ ವೆಸನ್‌ನವರ ಶೀಲ್ಡ್ ಈಝೀ ನೋಡಿ. ಮೊದಲು 380ರಲ್ಲಿ (9 ಎಂಎಂಗಿಂತ ಕಡಿಮೆ ಬಲದ ಗುಂಡು) ಬಂತು, ಆಮೇಲೆ 9 ಎಂಎಂನಲ್ಲೂ ಬಂತು. ಸ್ಲೈಡ್ ನಿಜಕ್ಕೂ ಸಲೀಸು. ಗಾತ್ರ ಸ್ವಲ್ಪ ಜಾಸ್ತಿ, ಆದರೆ ತೆಳ್ಳಗಿದೆ. ಮಣಿಕಟ್ಟು ನೋವಿರುವವರಿಗೆ ನಾನು ಹೇಳುವುದು 380 ಈಝೀನೇ.

380 ಸಾಕಾ, 9 ಎಂಎಂ ಬೇಕಾ ಅನ್ನುವ ಜಗಳಕ್ಕೆ ಕೊನೆ ಇಲ್ಲ. ಎಫ್‌ಬಿಐನವರು ಜೆಲ್ ಪರೀಕ್ಷೆಯಲ್ಲಿ (ಮಾಂಸದಂತಿರುವ ಜೆಲ್ ಗಟ್ಟಿಗೆ ಹೊಡೆದು ನೋಡುವುದು) ಗುಂಡು 12ರಿಂದ 18 ಇಂಚು ಒಳಹೋಗಬೇಕು ಅನ್ನುತ್ತಾರೆ. ಒಳ್ಳೆಯ 9 ಎಂಎಂ ಹಾಲೋ ಪಾಯಿಂಟ್ (ಒಳಹೊಕ್ಕಾಗ ತುದಿ ಅರಳುವ ಗುಂಡು) ಅಷ್ಟು ಹೋಗುತ್ತದೆ. ಗಿಡ್ಡ ನಳಿಗೆಯ 380ಯಲ್ಲಿ ಎಷ್ಟೋ ಸಲ ಗುಂಡು ಅರಳಲ್ಲ, ಅರಳಿದರೆ ಆಳಕ್ಕೆ ಹೋಗಲ್ಲ. ಅಭ್ಯಾಸದ ಗುಂಡೂ 9 ಎಂಎಂದೇ ಅಗ್ಗ. ಕೈ ಒಗ್ಗಿದರೆ 9, ಒಗ್ಗದಿದ್ದರೆ 380. ಅಷ್ಟೇ.

"ಸ್ಲೈಡ್ ತಾಪತ್ರಯವೇ ಬೇಡ, ಸಣ್ಣ ರಿವಾಲ್ವರ್ ತಗೋ" ಅನ್ನುವವರೂ ಸಿಗುತ್ತಾರೆ, ಅದರಲ್ಲೂ ವಯಸ್ಸಾದ ಗಂಡಸರು. ಐದು ಗುಂಡಿನ ಸಣ್ಣ ರಿವಾಲ್ವರ್ ಜ್ಯಾಮ್ ಆಗುವುದು ಕಡಿಮೆ, ನಿಜ. ಟ್ರಿಗರ್ ಮಾತ್ರ ಉದ್ದ, ಬಿಗಿ. ಹಗುರದ ರಿವಾಲ್ವರ್ ಕೈಗೆ ಕೊಡುವ ಪೆಟ್ಟು ಎಲ್‌ಸಿಪಿಗಿಂತ ಕಮ್ಮಿ ಏನಲ್ಲ. ಸಲಹೆ ಕೊಟ್ಟವರಿಗೇ ಒಂದು ಡಬ್ಬಿ ಹೊಡೆದು ತೋರಿಸಿ ಅನ್ನಿ.

ಹೆಚ್ಚಿನ ರೇಂಜ್‌ಗಳಲ್ಲಿ ಗನ್ ಬಾಡಿಗೆಗೆ ಸಿಗುತ್ತದೆ. ಈ ಮೂರು ನಾಲ್ಕನ್ನು ಒಂದೇ ದಿನ ಹೊಡೆದು ನೋಡಿ. ನನ್ನ ಮಾತಿಗಿಂತ ನಿಮ್ಮ ಅಂಗೈ ಹೇಳುವುದೇ ಸರಿ.

ಇನ್ನು ಬ್ಯಾಗ್ ವಿಷಯ. 2014ರ ಡಿಸೆಂಬರ್‌ನಲ್ಲಿ ಐಡಹೋದ ಒಂದು ವಾಲ್‌ಮಾರ್ಟ್‌ನಲ್ಲಿ ಎರಡು ವರ್ಷದ ಮಗು ಅಮ್ಮನ ಪರ್ಸ್‌ಗೆ ಕೈಹಾಕಿತು. ಗನ್ ಇಡೋಕೆಂದೇ ಜಿಪ್ ಇರುವ ಪರ್ಸ್ ಅದು. ಗುಂಡು ಹಾರಿ ತಾಯಿ ಅಲ್ಲೇ ತೀರಿಕೊಂಡಳು. ಆಕೆಗೆ ಗನ್ ಹೊಸದೇನಲ್ಲ. ನಿಮ್ಮ ಅಂಗಡಿಯಲ್ಲೂ ಬ್ಯಾಗ್ ಕೌಂಟರ್ ಕೆಳಗಿರುತ್ತದೆ, ನೀವು ಫ್ರಿಜ್ ತುಂಬಿಸುತ್ತಾ ಹಿಂದೆ ಇರುತ್ತೀರಿ. ಕಳ್ಳ ಮೊದಲು ಕಿತ್ತುಕೊಳ್ಳುವುದೂ ಬ್ಯಾಗನ್ನೇ. ಗನ್ ಮೈಮೇಲಿರಬೇಕು, ಇಲ್ಲಾ ಬೀಗ ಹಾಕಿದ ಸೇಫಲ್ಲಿರಬೇಕು.

ಮೈಮೇಲೆ ಅಂದರೆ ಬಟ್ಟೆಯ ಪ್ರಶ್ನೆ ಬರುತ್ತದೆ. ಇದನ್ನು ಅಮೆರಿಕದ ಗಂಡಸರ ವಿಡಿಯೋದಲ್ಲಿ ಯಾರೂ ಹೇಳಿಕೊಡಲ್ಲ. ಜೀನ್ಸ್, ಗಟ್ಟಿ ಬೆಲ್ಟ್, ಮೇಲೆ ಸಡಿಲ ಶರ್ಟ್ ಇದ್ದರೆ ಸೊಂಟಪಟ್ಟಿಯೊಳಗೆ ಸಿಕ್ಕಿಸುವ ಹೋಲ್‌ಸ್ಟರ್ (ಗನ್ ಇಡುವ ಒರೆ) ಆರಾಮಾಗಿ ಕೂರುತ್ತದೆ. ಚೂಡಿದಾರದ ಲಾಡಿ ಗನ್ ತೂಕ ತಡೆಯಲ್ಲ, ಜಾರುತ್ತದೆ. ಮಂಡಿವರೆಗಿನ ಕುರ್ತಿ ಎಲ್ಲವನ್ನೂ ಮುಚ್ಚುತ್ತದೆ, ಸರಿ, ಆದರೆ ಅಷ್ಟುದ್ದ ಬಟ್ಟೆ ಎತ್ತಿ ಗನ್ ತೆಗೆಯುವುದು ಯಾವಾಗ? ಹೊಟ್ಟೆಗೆ ಸುತ್ತುವ ಬೆಲ್ಲಿ ಬ್ಯಾಂಡ್ ಮೇಲೆ ಗಿಡ್ಡ ಕುರ್ತಿ ಹಾಕಿದರೆ ನಡೆಯುತ್ತದೆ. ಬ್ಯಾಂಡ್‌ನಲ್ಲಿ ಟ್ರಿಗರ್ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ ಚಿಪ್ಪು ಇರಲೇಬೇಕು, ಬರೀ ಬಟ್ಟೆಯದು ಬೇಡ. ಕುರ್ತಿಯ ಕುಚ್ಚು, ದುಪಟ್ಟಾ ಅಂಚು ಟ್ರಿಗರ್‌ಗೆ ಸಿಕ್ಕಿಕೊಳ್ಳುವುದು ಸುಮ್ನೆ ಹೆದರಿಸೋಕೆ ಹೇಳುವ ಮಾತಲ್ಲ. ಗನ್ ವಾಪಸ್ ಇಡುವಾಗ ಯಾವಾಗಲೂ ಕಣ್ಣಲ್ಲಿ ನೋಡಿ, ನಿಧಾನವಾಗಿ ಇಡಿ. ಹೋಲ್‌ಸ್ಟರ್ ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನದೇ ತಗೊಳ್ಳಿ, ಅಲ್ಲಿ ಕಂಜೂಸಿ ಬೇಡ.

ಮನೆಯಲ್ಲಿ ಖಾಲಿ ಗನ್ ಸಿಕ್ಕಿಸಿಕೊಂಡು ಕನ್ನಡಿ ಮುಂದೆ ನಿಲ್ಲಿ. ಮೇಲಿನ ಶೆಲ್ಫಿಗೆ ಕೈ ಎತ್ತಿ, ಕೆಳಗಿನ ಡಬ್ಬ ಎತ್ತೋಕೆ ಬಗ್ಗಿ, ಕಾರಲ್ಲಿ ಕೂತು ನೋಡಿ. ಬೇಸಿಗೆಯಲ್ಲಿ ಬೆವರಿಗೆ ಗನ್ ತುಕ್ಕು ಹಿಡಿಯುತ್ತದೆ, ಆಗಾಗ ಒರೆಸಿ ಎಣ್ಣೆ ಹಚ್ಚಿ. ದೇವಸ್ಥಾನಕ್ಕೆ ಹೋಗುವಾಗ ನಾನು ಗನ್ ಮನೆಯ ಸೇಫಲ್ಲೇ ಬಿಡುತ್ತೇನೆ. ಹೊಟ್ಟೆಯ ಮೇಲೆ ಪಿಸ್ತೂಲ್ ಇಟ್ಟುಕೊಂಡು ನೆಲಕ್ಕೆ ಹಣೆ ಹಚ್ಚಿ ನೋಡಿ, ಯಾಕಂತ ಗೊತ್ತಾಗುತ್ತದೆ.

2021ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್‌ನಲ್ಲಿ ಗನ್ ಹೊಂದಲು ಕಾನೂನಿನ ಅಡ್ಡಿ ಇಲ್ಲದ 21 ದಾಟಿದವರಿಗೆ ಪಿಸ್ತೂಲ್ ಇಟ್ಟುಕೊಂಡು ಓಡಾಡೋಕೆ ಲೈಸೆನ್ಸ್ ಬೇಕಿಲ್ಲ. ಆದರೂ ಮಾಡಿಸಿ. ಲೈಸೆನ್ಸ್ ಇಲ್ಲದೆ ಶಾಲೆಯ 1000 ಅಡಿ ಒಳಗೆ ಗನ್ ಇಟ್ಟುಕೊಂಡು ಓಡಾಡುವುದು ಕೇಂದ್ರ ಕಾನೂನಿನಲ್ಲಿ ಅಪರಾಧ, ಪೇಟೆಯಲ್ಲಿ ಶಾಲೆ ತಪ್ಪಿಸಿ ಹೋಗೋಕಾಗುತ್ತಾ? ಲೈಸೆನ್ಸ್ ಪರೀಕ್ಷೆಯಲ್ಲಿ 3, 7, 15 ಗಜದಿಂದ ಒಟ್ಟು 50 ಗುಂಡು ಹೊಡೆಸುತ್ತಾರೆ. ನಿಮ್ಮದೇ ಗನ್ ತಗೊಂಡು ಹೋಗಿ. ಅಂಗಡಿ ಬಾಗಿಲಲ್ಲಿ 30.06 ಬೋರ್ಡ್ (ಲೈಸೆನ್ಸ್ ಇದ್ದವರೂ ಗನ್ ಅಡಗಿಸಿ ತರಬಾರದು ಅನ್ನುವುದು) ಇದ್ದರೆ, ಬಾರ್‌ಗಳಲ್ಲಿ ಕೆಂಪಕ್ಷರದ 51 ಪರ್ಸೆಂಟ್ ಬೋರ್ಡ್ (ಆದಾಯದ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕುಡಿಯುವ ಮದ್ಯದಿಂದ ಬರುವ ಜಾಗ) ಇದ್ದರೆ ಗನ್ ಇಟ್ಟುಕೊಂಡು ಒಳಗೆ ಹೋಗಬೇಡಿ.

ನಮ್ಮವರಿಗೆ ಗೊತ್ತಿಲ್ಲದ ಇನ್ನೊಂದಿದೆ. ನಿಮಗೆ ಗ್ರೀನ್ ಕಾರ್ಡ್ ಇದೆ, ಸರಿ. ಆದರೆ ಎಚ್1ಬಿ, ಎಫ್1, ವಿಸಿಟರ್ ವೀಸಾದಲ್ಲಿ ಬಂದವರು ಗನ್ ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್ ಪಡೆದವರಿಗೆ ಇರುವಂಥ ಒಂದೆರಡು ವಿನಾಯಿತಿ ಬಿಟ್ಟರೆ ರೇಂಜ್‌ನಲ್ಲಿ ಕೈಗೆ ತಗೊಂಡರೂ ಅದೇ. ಊರಿಂದ ಬಂದ ಅತ್ತೆ ಮಾವ ಆರು ತಿಂಗಳು ಇರುತ್ತಾರಲ್ಲ, ಸೇಫಿನ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. 17ರ ಕೆಳಗಿನ ಮಕ್ಕಳ ಕೈಗೆ ತುಂಬಿದ ಗನ್ ಸಿಗುವಂತೆ ಇಟ್ಟು, ಅದು ಅವರ ಕೈಸೇರಿದರೆ ಟೆಕ್ಸಾಸ್‌ನಲ್ಲಿ ನಿಮ್ಮ ಮೇಲೇ ಕೇಸು.

ಅಂಗಡಿ ವಿಷಯದಲ್ಲಿ ಒಂದು ಮಾತು, ನೀವು ಕೇಳದಿದ್ದರೂ. ಗನ್ ತೋರಿಸಿ ಗಲ್ಲಾ ಕೇಳಿದರೆ ಕೊಟ್ಟುಬಿಡಿ. ಇನ್ನೂರು ಡಾಲರಿಗೆ ಪಿಸ್ತೂಲ್ ತೆಗೆಯಬೇಡಿ. ನಿಮ್ಮನ್ನು ಹಿಂದಿನ ರೂಮಿಗೆ ನಡಿ ಅಂದಾಗಿನ ಮಾತು ಬೇರೆ.

ಕೊನೆಯದಾಗಿ, ರೇಂಜ್‌ಗೆ ಒಂದು ಬ್ಯಾಗ್ ಬೇರೆಯೇ ಇಡಿ, ಅದು ವಿಮಾನ ಹತ್ತಲೇಬಾರದು. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ 6,700ಕ್ಕೂ ಹೆಚ್ಚು ಗನ್ ಸಿಕ್ಕವು, ಅಟ್ಲಾಂಟಾ ಬಿಟ್ಟರೆ ಜಾಸ್ತಿ ಸಿಕ್ಕಿದ್ದು ನಿಮ್ಮ ಡಲ್ಲಾಸ್‌ನಲ್ಲೇ. ಇನ್ನು ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಗನ್ನೇ ಬೇಕಿಲ್ಲ. ಬ್ಯಾಗಿನ ಮೂಲೆಯಲ್ಲಿ ಒಂದು 9 ಎಂಎಂ ಗುಂಡು ಉಳಿದಿದ್ದರೂ ಆರ್ಮ್ಸ್ ಆಕ್ಟ್ ಕೇಸು, ಪೊಲೀಸ್ ಠಾಣೆ, ವಕೀಲರು, ತಪ್ಪಿಹೋದ ವಿಮಾನ. ಊರಿಗೆ ಹೊರಡುವ ಹಿಂದಿನ ದಿನ ಎಲ್ಲ ಬ್ಯಾಗಿನ ಜಿಪ್ ತೆಗೆದು ತಲೆಕೆಳಗೆ ಕೊಡವಿ. ಜಾಕೆಟ್ ಜೇಬನ್ನೂ ನೋಡಿ.