ಆರ್-ಟೈಪ್ ಮಕ್ಕಳಿಗೆ ತುಂಬಾ ಕಷ್ಟವಾಗುತ್ತಾ?

ಹತ್ತು ವರ್ಷದ ಮಗನಿಗೆ ಆರ್-ಟೈಪ್ ಡೈಮೆನ್ಷನ್ಸ್ ಇಎಕ್ಸ್ ಅನ್ನೋ, ಬಾಹ್ಯಾಕಾಶ ಹಡಗು ಓಡಿಸುತ್ತಾ ಶತ್ರುಗಳಿಗೆ ಗುಂಡು ಹೊಡೆಯುವ ವಿಡಿಯೋ ಗೇಮ್ ಕೊಡಿಸಬಹುದಾ, ತುಂಬಾ ಕಷ್ಟ ಅಂತಾರಲ್ಲ ಎಂದು ಕೇಳಿದ್ದೀರಿ. ಧೈರ್ಯವಾಗಿ ಕೊಡಿಸಿ ಸರ್.

ಕಷ್ಟ ಅನ್ನೋದು ನಿಜವೇ. 1987ರ ಮೂಲ ಆರ್-ಟೈಪ್ ಆಟದಲ್ಲಿ ಒಂದು ಗುಂಡು ತಗುಲಿದರೆ ಹಡಗು ಹೋಯಿತು. ಕೂಡಿಸಿಕೊಂಡ ಆಯುಧಗಳೂ ಹೋದವು, ಮತ್ತೆ ಹಿಂದಿನ ಜಾಗದಿಂದ ಶುರು. ಆದರೆ ಅದರ ಹೊಸ ರೂಪವಾದ ಈ ಇಎಕ್ಸ್‌ನಲ್ಲಿ ಇನ್ಫಿನಿಟ್ ಮೋಡ್ ಇದೆ. ಸತ್ತ ಜಾಗದಲ್ಲೇ ಆಟ ಮುಂದುವರಿಯುತ್ತದೆ. ಮಗ ಅಲ್ಲಿಂದಲೇ ಶುರು ಮಾಡಲಿ.

ಇದರ ಜೀವಾಳ ಫೋರ್ಸ್ ಅನ್ನೋ ಗೋಲ. ಅದನ್ನು ಹಡಗಿನ ಮುಂದೆ ಸಿಕ್ಕಿಸಬಹುದು, ಹಿಂದೆ ಸಿಕ್ಕಿಸಬಹುದು, ಬಿಟ್ಟು ದೂರವೂ ಕಳಿಸಬಹುದು. ಸಣ್ಣ ಗುಂಡುಗಳನ್ನು ಅದೇ ತಡೆಯುತ್ತದೆ. ಸುಮ್ನೆ ಬಟನ್ ಒತ್ತುತ್ತಾ ಹೋದರೆ ಆಗಲ್ಲ. ಎಲ್ಲಿ ಹಿಂದೆ ಬೇಕು, ಎಲ್ಲಿ ಮುಂದೆ ಬೇಕು ಅಂತ ಯೋಚಿಸಬೇಕು. ಮೂರನೇ ಹಂತ ಪೂರ್ತಿ ಒಂದೇ ದೊಡ್ಡ ಯುದ್ಧನೌಕೆ! ಅದರ ಸುತ್ತ ಸುತ್ತುತ್ತಾ ಒಂದೊಂದೇ ಭಾಗ ಒಡೆಯುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ರಾಜಾಜಿನಗರದ ನಮ್ಮ ಮನೆಗೆ ಭಾನುವಾರ ಅಕ್ಕನ ಮಗಳು ಬರುತ್ತಾಳೆ. ಇಬ್ಬರೂ ಸೇರಿ ಆಡುತ್ತೇವೆ, ಅದಕ್ಕೂ ಅವಕಾಶ ಇದೆ. ಒಂದು ಬಟನ್ ಒತ್ತಿದರೆ ಹಳೇ ಚಿತ್ರಗಳು ಹೊಸ ತ್ರೀಡಿಗೆ ಬದಲಾಗುತ್ತವೆ. ಅವಳಿಗೆ ಹಳೇದೇ ಇಷ್ಟ, ನನಗೂ ಅಷ್ಟೇ.

ಶತ್ರುಗಳು ಮಾತ್ರ ಸ್ವಲ್ಪ ವಿಕಾರವಾಗಿವೆ. ಮಗ ಹೆದರುವ ಸ್ವಭಾವದವನಾದರೆ ಮೊದಲ ಹಂತದ ಕೊನೆಯ ರಾಕ್ಷಸನನ್ನು ನೀವೇ ಒಮ್ಮೆ ನೋಡಿಬಿಡಿ.