ಪ್ಲೀಸ್ ರಿವರ್ಟ್ ಅಂದರೆ ಏನು ಮಾಡಬೇಕು?

ಪ್ರಶ್ನೆ: ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಹೊಸ ಪ್ರೋಗ್ರಾಂ ಕಳಿಸಿ, ಲಂಡನ್ನಿನ ಗ್ರಾಹಕರಿಗೆ ಮೇಲ್ ಬರೆದೆ. ಕೊನೆಗೆ ‘ಪ್ಲೀಸ್ ರಿವರ್ಟ್ ಬ್ಯಾಕ್’ ಎಂದು ಹಾಕಿದ್ದೆ. ಅವರು ಗಾಬರಿಯಾಗಿ, ‘ಯಾಕೆ, ಹಳೆಯದಕ್ಕೇ ವಾಪಸ್ ಹೋಗಬೇಕಾ?’ ಎಂದು ಕೇಳಿದರು. ನಮ್ಮ ಮ್ಯಾನೇಜರ್ ಮಾತ್ರ ‘ನೀನು ಬರೆದದ್ದು ಸರಿಯೇ ಉಂಟು’ ಎನ್ನುತ್ತಾರೆ. ಯಾರ ಮಾತು ಹಿಡಿಯಲಿ?
– ಓದುಗಿ, ಕಾಪು

ಉತ್ತರ: ಲಂಡನ್ನಿನವರು ಗಾಬರಿಯಾದದ್ದರಲ್ಲಿ ಆಶ್ಚರ್ಯ ಇಲ್ಲ. ರಿವರ್ಟ್ ಎಂದರೆ ಮೊದಲಿದ್ದ ಸ್ಥಿತಿಗೆ, ಮೊದಲಿನ ಅಭ್ಯಾಸಕ್ಕೆ, ಇಲ್ಲವೇ ಮೊದಲಿನ ಒಡೆಯನಿಗೆ ಮರಳುವುದು. ಸಿಗರೇಟು ಬಿಟ್ಟವನು ಪುನಃ ಶುರು ಮಾಡಿದರೆ ‘ಹಿ ರಿವರ್ಟೆಡ್ ಟು ಹಿಸ್ ಓಲ್ಡ್ ಹ್ಯಾಬಿಟ್’ ಎನ್ನುತ್ತಾರೆ. ನಿಮ್ಮ ಕೆಲಸದಲ್ಲಂತೂ ಇದು ಇನ್ನೂ ಸೂಕ್ಷ್ಮ. ಪ್ರೋಗ್ರಾಂನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಸಾಫ್ಟ್‌ವೇರ್ ಬಳಸುವವರಿಗೆ ಗೊತ್ತಿರುತ್ತದೆ, ಮಾಡಿದ ಬದಲಾವಣೆಯನ್ನು ರದ್ದು ಮಾಡುವ ಕಮಾಂಡಿನ ಹೆಸರೇ ರಿವರ್ಟ್. ನೀವು ಉತ್ತರ ಕೇಳಿದಿರಿ. ಅವರಿಗೆ ‘ಕಳಿಸಿದ್ದನ್ನು ತೆಗೆದುಬಿಡಿ’ ಎಂದು ಕೇಳಿಸಿತು.

ಹಾಗೆಂದು ಮ್ಯಾನೇಜರ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಉತ್ತರಿಸು ಎಂಬ ಅರ್ಥವನ್ನು ಆಕ್ಸ್‌ಫರ್ಡಿನವರು ಇಂಗ್ಲಿಷ್ ಕಲಿಯುವವರಿಗಾಗಿ ಮಾಡಿದ ನಿಘಂಟಿನಲ್ಲೇ ಕೊಟ್ಟಿದ್ದಾರೆ. ಆದರೆ ಪಕ್ಕದಲ್ಲೇ ‘ಭಾರತೀಯ ಇಂಗ್ಲಿಷ್’ ಎಂಬ ಗುರುತೂ ಇದೆ. ಸಿಂಗಾಪುರ, ಮಲೇಷಿಯಾದ ಆಫೀಸುಗಳಲ್ಲೂ ಈ ಬಳಕೆ ಉಂಟು. ಬೆಂಗಳೂರಿನ ಸಹೋದ್ಯೋಗಿಗೆ ‘ಪ್ಲೀಸ್ ರಿವರ್ಟ್’ ಎಂದು ಬರೆದರೆ ಅವರು ಸುಮ್ನೆ ಉತ್ತರ ಬರೆಯುತ್ತಾರೆ, ಯಾರಿಗೂ ತೊಂದರೆ ಇಲ್ಲ. ಹೊರಗಿನವರಿಗೆ ಬರೆಯುವಾಗ ಬೇಡ.

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಪತ್ರದ ಕೊನೆಗೆ ‘ರಿಪ್ಲೈ ಬೈ ರಿಟರ್ನ್ ಆಫ್ ಪೋಸ್ಟ್’ ಎಂದು ಟೈಪ್ ಮಾಡುತ್ತಿದ್ದೆವು. ಮುಂದಿನ ಟಪಾಲಿಗೇ ಉತ್ತರ ಹಾಕಿ ಎಂದು ಅರ್ಥ. ತಕ್ಷಣ ಉತ್ತರ ಕೊಡಲು ಆಗದಿದ್ದರೆ ‘ವಿ ಶಲ್ ರಿವರ್ಟ್ ಟು ದ ಮ್ಯಾಟರ್’ ಎನ್ನುತ್ತಿದ್ದೆವು, ಅಂದರೆ ಈ ವಿಷಯಕ್ಕೆ ಪುನಃ ಬರುತ್ತೇವೆ ಎಂದು. ಅದು ಅಚ್ಚ ಇಂಗ್ಲಿಷೇ. ಇದರ ‘ಮ್ಯಾಟರ್’ ಉದುರಿಹೋಗಿ, ‘ವಿ ಶಲ್ ರಿವರ್ಟ್’ ಮಾತ್ರ ಉಳಿದು, ಕ್ರಮೇಣ ಉತ್ತರ ಎಂಬ ಅರ್ಥ ಬಂದಿರಬೇಕು ಎಂದು ನನ್ನ ಅಂದಾಜು.

ಮೂಲ ಅರ್ಥದ ಮೇಲೆ ನನಗೆ ಜಾಸ್ತಿ ಅಕ್ಕರೆ ಇರುವುದಕ್ಕೆ ಕಾರಣ ನಮ್ಮ ಊರಿನ ಜಾಗದ ಕಾಗದಪತ್ರಗಳು. ಜಾಗ ಅಡವು ಇಟ್ಟು ಸಾಲ ಕೇಳಿದವರ ಫೈಲು ವಕೀಲರ ಅಭಿಪ್ರಾಯಕ್ಕೆ ಹೋಗುತ್ತಿತ್ತು. ಅಳಿಯಸಂತಾನದ, ಅಂದರೆ ಹೆಣ್ಣಿನ ಕಡೆಯಿಂದ ವಂಶ ಮತ್ತು ಆಸ್ತಿ ಸಾಗುವ ಕಟ್ಟಿನ ಕುಟುಂಬದ್ದಾದರೆ ಅವರು ಹಳೆಯ ಪಾಲುಪಟ್ಟಿಯನ್ನು ಸಾಲು ಸಾಲಾಗಿ ಓದುತ್ತಿದ್ದರು. ಕವರು ಎಂದರೆ ಇಲ್ಲಿ ಲಕೋಟೆ ಅಲ್ಲ, ಒಬ್ಬ ಹೆಣ್ಣು, ಅವಳ ಮಕ್ಕಳು ಮತ್ತು ಹೆಣ್ಣುಮಕ್ಕಳ ಸಾಲಿನ ಸಂತತಿ ಸೇರಿದ ಕುಟುಂಬದ ಕವಲು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ಪ್ರಕಾರ, 50 ವರ್ಷ ತುಂಬದ ಒಬ್ಬ ಹೆಣ್ಣಾದರೂ ಇದ್ದ ಕವರು ಸಂತತಿ ಕವರು. ಉಳಿದದ್ದು ನಿಸ್ಸಂತತಿ ಕವರು. ಕುಟುಂಬದಲ್ಲಿ ಸಂತತಿ ಕವರು ಇದ್ದರೆ, ನಿಸ್ಸಂತತಿ ಕವರಿಗೆ ಪಾಲಿನಲ್ಲಿ ಬಂದ ಆಸ್ತಿ ಅವರ ಜೀವಮಾನಕ್ಕೆ ಮಾತ್ರ. ಅದರ ಕೊನೆಯ ಸದಸ್ಯರು ತೀರಿಕೊಂಡ ಮೇಲೆ ಅದು ಪುನಃ ಕುಟುಂಬಕ್ಕೆ, ಕುಟುಂಬ ಒಡೆದಿದ್ದರೆ ಹತ್ತಿರದ ಸಂತತಿ ಕವರಿಗೆ ಹೋಗಬೇಕು. ವಕೀಲರ ಅಭಿಪ್ರಾಯದಲ್ಲಿ ‘ರಿವರ್ಟ್ಸ್ ಟು’ ಎಂದು ಬಂದ ಕಡೆ ನಮ್ಮ ಹಿರಿಯ ಮ್ಯಾನೇಜರು ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಅಂಥ ಜಾಗವನ್ನು ನಂಬಿ ಸಾಲ ಕೊಟ್ಟರೆ, ಅಡವು ಇಟ್ಟವರು ಹೋದ ದಿನ ಬ್ಯಾಂಕಿನ ಭದ್ರತೆಯೂ ಹೋಯಿತು, ಅಲ್ವಾ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಲೆಕ್ಕಾಚಾರ ಬದಲಾಯಿತು. ಆ ವ್ಯಾಜ್ಯಗಳದ್ದೇ ಒಂದು ದೊಡ್ಡ ಕತೆ, ಅದು ಇಲ್ಲಿ ಬೇಡ.

ಲೀಸಿಗೆ ಕೊಟ್ಟ ಜಾಗ ಅವಧಿ ಮುಗಿದ ಮೇಲೆ ಯಜಮಾನನಿಗೆ ಬರುವುದೂ ರಿವರ್ಟ್. ಸರಕಾರಿ ನೌಕರರು ‘ರಿವರ್ಷನ್ ಆಯ್ತು’ ಎಂದರೆ ಬಡ್ತಿ ರದ್ದಾಗಿ ಹಿಂದಿನ ಹುದ್ದೆಗೆ ಬಂದರು ಎಂದು ಅರ್ಥ. ಜಾಗ, ಹುದ್ದೆ ಎಲ್ಲ ನಿಂತಿರುವ ಮಾತು ಇದು. ಮೇಲ್‌ಗೆ ಉತ್ತರ ಕೇಳಲು ಬೇರೆ ಪದಗಳು ಬೇಕಾದಷ್ಟು ಇರುವಾಗ ಇದನ್ನು ಅಲ್ಲಿ ಸವೆಸಬಾರದು ಎನ್ನುವುದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ‘ಬ್ಯಾಕ್’. ಲ್ಯಾಟಿನ್ನಿನ ‘ವರ್ಟೆರೆ’ ಎಂದರೆ ತಿರುಗು, ‘ರೆ’ ಎಂದರೆ ಹಿಂದಕ್ಕೆ. ಕನ್ವರ್ಟ್, ಡೈವರ್ಟ್ ಎಲ್ಲ ಅದೇ ಮನೆಯ ಮಕ್ಕಳು. ಹಿಂದಕ್ಕೆ ಎಂಬುದು ಪದದೊಳಗೇ ಇರುವಾಗ ‘ರಿವರ್ಟ್ ಬ್ಯಾಕ್’ ಬೇಡ. ‘ರಿಟರ್ನ್ ಬ್ಯಾಕ್’, ‘ರಿಪ್ಲೈ ಬ್ಯಾಕ್’ ಕೂಡ ಹಾಗೆಯೇ. ‘ರಿವರ್ಟ್ ಮೀ’ ಎಂದಂತೂ ಬರೆಯಲೇಬೇಡಿ, ರಿವರ್ಟ್ ಮುಂದೆ ‘ಟು’ ಬೇಕು. ‘ಗೆಟ್ ಬ್ಯಾಕ್ ಟು ಮಿ’ ಎನ್ನುವಾಗ ಮಾತ್ರ ಬ್ಯಾಕ್ ಇರಲೇಬೇಕು. ಲಂಡನ್ನಿಗೆ ಇನ್ನು ‘ಪ್ಲೀಸ್ ರಿಪ್ಲೈ ಬೈ ಫ್ರೈಡೇ’ ಎಂದು ದಿನ ಹೇಳಿಯೇ ಬರೆಯಿರಿ. ಉತ್ತರ ಬೇಗ ಬರುತ್ತದೆ.

ಪ್ರಶ್ನೆ: ಹುಟ್ಟುಹಬ್ಬಕ್ಕೆ ‘ಮೆನಿ ಹ್ಯಾಪಿ ರಿಟರ್ನ್ಸ್’ ಎನ್ನುತ್ತೇವೆ. ಏನು ರಿಟರ್ನ್ ಆಗಬೇಕು?
– ಓದುಗರು, ಮಲ್ಪೆ

ಉತ್ತರ: ಆ ದಿನ. ಇಂಥ ಸಂತೋಷದ ದಿನ ನಿಮ್ಮ ಬದುಕಿನಲ್ಲಿ ಪುನಃ ಪುನಃ ಬರಲಿ ಎಂದು ಹಾರೈಕೆ. ಹಿಂದೆ ಇಂಗ್ಲಿಷರು ಇದನ್ನು ಹೊಸ ವರ್ಷಕ್ಕೂ ಹೇಳುತ್ತಿದ್ದರು. ಮದುವೆಯ ವಾರ್ಷಿಕೋತ್ಸವಕ್ಕೆ ಹೇಳಿದರೂ ಸರಿಯೇ. ಆದರೆ ಮದುವೆಯ ದಿನವೇ ಉಡುಗೊರೆಯ ಕವರಿನ ಮೇಲೆ ಇದನ್ನು ಬರೆಯಬೇಡಿ. ಆ ದಿನ ಒಮ್ಮೆ ಬಂದರೆ ಸಾಕು.